ಸಂಗಡಿಗರಿಗೆ ಬಿಟ್ಟ ಜಾಗ

ನನ್ನ ಸ್ಟುಡಿಯೋಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬರುತ್ತಾರೆ. ಉಳಿದವರು ಮದುವೆ ವಿಡಿಯೋದಲ್ಲಿ ತಮ್ಮ ಮುಖ ಸರಿಯಾಗಿ ಬಂದಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರಿಗೇ ಅಂಗಡಿ ಇಟ್ಟುಕೊಂಡವನು ಎರಡಕ್ಕೂ ಸಿದ್ಧನಾಗಿ ಕೂತಿರಬೇಕು. ಆದರೆ ಒಂದು ಮಧ್ಯಾಹ್ನ ಮೊಳಕಾಲ್ಮುರು ಬಸ್ಸಿನಿಂದಿಳಿದು ನೇರವಾಗಿ ನನ್ನ ಬಾಗಿಲು ತಳ್ಳಿಕೊಂಡು ಬಂದ ಹೆಂಗಸೊಬ್ಬರು, ನಾನು ಕುರ್ಚಿ ತೋರಿಸುವ ಮೊದಲೇ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡು ಕೇಳಿದ್ದು ಬೇರೆಯೇ.

"ತಮ್ಮಾ, ಹಾಡು ಹಾಕೋಕೆ ಒಳ್ಳೇ ಜಾಗ ಯಾವ್ದೈತೆ?"

"ಎಲ್ಲಿ ಹಾಕೋಕೆ?"

"ಫೋನಾಗೆ. ಬಾಳ ಅಂಗಡಿ ಅದಾವಂತಲ್ಲ. ಸೀರೆ ತಗಳೋಕೆ ಮುಂಚೆ ನಾಲ್ಕು ಅಂಗಡಿ ಹತ್ತಿ ಇಳಿಯಲ್ವಾ, ಹಂಗೆ ಎಲ್ಲಾ ತೋರ್ಸು. ಆಮ್ಯಾಕೆ ಹೇಳ್ತೀನಿ."

ಮದುವೆ ವಿಡಿಯೋಗಳಿಗೆ ಹಾಡು ಅಂಟಿಸಿ ಅಂಟಿಸಿ, ಈ ವಿಷಯದಲ್ಲಿ ನಮ್ಮ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬ ಜಂಬ ನನಗಿದೆ. ಈಗಲೂ ಇದೆ. ಹಾಗಾಗಿ ಕೇಳಿದ್ದೇ ತಡ, ಯಾವುದರಲ್ಲಿ ವಿಡಿಯೋ ಬೇಕು, ಯಾವುದರಲ್ಲಿ ಬರೀ ಧ್ವನಿ ಸಾಕು, ಎಲ್ಲಿ ಜನ ಹೆಚ್ಚು, ಎಲ್ಲಿ ಒಂದಿಷ್ಟು ಕಾಸು ಬರಬಹುದು ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು. "ನೀನು ಅಂಗಡಿ ಹೇಳ್ದೆ, ಗಿರಾಕಿ ಹೇಳ್ದೆ. ನಾನು ಹಾಡಿದ ಮ್ಯಾಲೆ ಎತ್ಕಂಡು ಹಾಡೋರು ಎಲ್ಲಿ ನಿಂತ್ಕತಾರೆ, ಅದ್ನ ಹೇಳ್ಲೇ ಇಲ್ಲ" ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ವಾರಗಿತ್ತಿಯ, ಅಂದರೆ ಮೈದುನನ ಹೆಂಡತಿಯ, ಹೆಸರನ್ನೂ ಬರೆಯಬೇಕಾಗುತ್ತದೆ. ಆಗ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಕೈ ಹಾಕಿದವರ ಗತಿ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಸ್ಟುಡಿಯೋಗೆ ಬಂದ ಅವರು ಹೋದ ಶ್ರಾವಣದಲ್ಲಿ ತೀರಿಕೊಂಡರು, ಆದರೂ ನನ್ನ ಭಯ ಹೋಗಿಲ್ಲ. ನಾನು ಕರೆಯುತ್ತಿದ್ದಂತೆ ಅವರು ಅಕ್ಕ ಎಂದೇ ಇರಲಿ, ಇನ್ನೊಬ್ಬರು ವಾರಗಿತ್ತಿ ಎಂದೇ ಇರಲಿ.

ಅಕ್ಕ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಎಳೆಗಳನ್ನು ಬೆರಳಲ್ಲಿ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಿದ್ದರು. ಬಾಯಲ್ಲಿ ದಾರವಿದ್ದಾಗಲೂ ಮಾತು ನಿಲ್ಲುತ್ತಿರಲಿಲ್ಲ. ರವಿಕೆಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಮೈಕ್ ಸಿಕ್ಕಿಸಲು ಹೋದ ನನಗೆ ಅದು ಎರಡು ಸಲ ಚುಚ್ಚಿದೆ. "ನೋಡ್ಕಂಡು ಕೈ ಹಾಕ್ಬಾರ್ದಾ" ಎಂದು ನನಗೇ ಬೈದಿದ್ದಾರೆ. ಸಿನಿಮಾ ನಟಿಯಿಂದ ಹಿಡಿದು ನನ್ನ ಹೆಂಡತಿಯವರೆಗೆ ಯಾರನ್ನೇ ನೋಡಿದರೂ ಮೊದಲು ಸೆರಗಿನ ತುದಿ ನೋಡುವುದು ಅವರ ಅಭ್ಯಾಸ. ಕುಚ್ಚು ಚೆನ್ನಾಗಿಲ್ಲದಿದ್ದರೆ ಆ ವ್ಯಕ್ತಿಯ ಬಗ್ಗೆ ಮುಂದೆ ಯಾವ ಒಳ್ಳೆಯ ಮಾತನ್ನೂ ನಿರೀಕ್ಷಿಸುವಂತಿರಲಿಲ್ಲ.

ಹಾಡುಗಳನ್ನು ಅವರೇ ಕಟ್ಟುತ್ತಿದ್ದರು. ಮಟ್ಟು ಅತ್ತೆಯಿಂದ ಬಂದದ್ದು, ಮಾತು ತಮ್ಮದು. ಗ್ಯಾಸ್ ಸಿಲಿಂಡರ್ ಮೇಲೆ ಒಂದು, ಪಕ್ಕದ ಮನೆಯವರ ಬೋರ್‌ವೆಲ್ ಮೇಲೆ ಒಂದು, ಸೊಸೆ ಬೆಳಿಗ್ಗೆ ಏಳುವ ಹೊತ್ತಿನ ಮೇಲೆ ಉದ್ದನೆಯದೊಂದು. ಎಲ್ಲದಕ್ಕಿಂತ ಹೆಸರಾದದ್ದು ಬಸ್ಸಿನ ಹಾಡು. ಅವರ ಬೀದಿಯ ಮುಂದೆ ಹಾದುಹೋಗುವ ಖಾಸಗಿ ಬಸ್ಸೊಂದು ಕೈ ಅಡ್ಡ ಹಿಡಿದರೂ ನಿಲ್ಲುತ್ತಿರಲಿಲ್ಲವಂತೆ. ಹಾಡು ಊರೆಲ್ಲ ಹರಡಿದ ಮೇಲೆ ಡ್ರೈವರ್ ನಿಲ್ಲಿಸತೊಡಗಿದ. ಹೀಗಾದರೆ ಹಾಡು ಸುಳ್ಳಾಗುತ್ತದೆಂದು ಅಕ್ಕ ಆ ಬಸ್ಸನ್ನು ಹತ್ತುವುದನ್ನೇ ಬಿಟ್ಟರು.

ನಮ್ಮ ಕಡೆ ಹೆಂಗಸರ ಹಾಡಿಗೆ ಒಂದು ಕ್ರಮವಿದೆ. ಒಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನೊಬ್ಬರು ಅದೇ ಸಾಲನ್ನು ಎತ್ತಿಕೊಂಡು ಹೇಳುತ್ತಾರೆ. ಅಷ್ಟರಲ್ಲಿ ಮೊದಲಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಅಣಿಯಾಗುತ್ತಾರೆ. ಒಬ್ಬರೇ ಹಾಡುವುದು ಸತ್ತವರ ಮುಂದೆ ಅಳುವಾಗ ಮಾತ್ರ ಎಂದು ಅಕ್ಕ ಹೇಳುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಅವರ ಸಾಲನ್ನು ಎತ್ತಿಕೊಂಡವರು ವಾರಗಿತ್ತಿ. ಗಡಿಯಾಚೆಯ ತೆಲುಗು ಮನೆಯಿಂದ ಬಂದವರು, ಅಕ್ಕನಿಗಿಂತ ದಪ್ಪ ಧ್ವನಿ. ಇಬ್ಬರೂ ಸೇರಿ ಹಾಡಿದರೆ ಮದುವೆ ಮನೆಯ ಮೈಕ್‌ಸೆಟ್ಟಿನವನು ತನ್ನ ಸಾಮಾನು ಕಟ್ಟಿಕೊಂಡು ಕೂರುತ್ತಿದ್ದನಂತೆ.

ಆ ಜೋಡಿ ಮುರಿದದ್ದು ಒಂದು ವೇದಿಕೆಯ ಮೇಲೆ. ಮೊಳಕಾಲ್ಮುರಿನಲ್ಲಿ ಯಾವುದೋ ಸಾಂಸ್ಕೃತಿಕ ಸಂಜೆ. ನಿರೂಪಕ ಅಕ್ಕನ ಹೆಸರು ಹೇಳಿ, "ಮತ್ತು ಸಂಗಡಿಗರಿಂದ ಜಾನಪದ ಗೀತೆ" ಎಂದು ಘೋಷಿಸಿದ. ಇಬ್ಬರು ವೇದಿಕೆ ಹತ್ತಿದರು. ನಿರೂಪಕ ಪರದೆಯ ಹಿಂದೆ ಇಣುಕಿ ನೋಡಿ, ಮೈಕಿನಲ್ಲೇ, "ಸಂಗಡಿಗರು ಬೇಗ ಬರಬೇಕು" ಎಂದ. ಜನ ನಕ್ಕರು. ಅಕ್ಕ ಹಾಡುವ ಆತುರದಲ್ಲಿ, ವಾರಗಿತ್ತಿಯ ಕಡೆ ಬೆರಳು ಮಾಡಿ, "ಸಂಗಡಿಗರು ಇವಳೇ ಸ್ವಾಮಿ, ಶುರು ಮಾಡ್ತೀವಿ" ಅಂದುಬಿಟ್ಟರು.

ವಾರಗಿತ್ತಿ ಬಾಯಿ ಬಿಡಲಿಲ್ಲ. ಅಕ್ಕ ಮೊದಲ ಸಾಲು ಹೇಳಿ ಕಾದರು. ಸದ್ದಿಲ್ಲ. ಎರಡನೇ ಸಾಲು ಹೇಳಿ ಕಾದರು. ಸದ್ದಿಲ್ಲ. ಹೀಗೆ ಇಡೀ ಹಾಡು ಮುಗಿಯಿತು. ಜನ ಅದೊಂದು ಹೊಸ ಬಗೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಇಬ್ಬರಿಗೂ ಒಂದೊಂದು ಶಾಲು ಹೊದಿಸಿದರು. ವಾರಗಿತ್ತಿ ಆ ಶಾಲನ್ನು ಕುರ್ಚಿಯ ಮೇಲೆ ಮಡಿಸಿಟ್ಟು, ತಾವು ಬೇರೆಯಾಗಿ ಸಂಸಾರ ಮಾಡಿಕೊಂಡಿದ್ದ ದೇವಸಮುದ್ರಕ್ಕೆ ಸಿಕ್ಕ ಬಸ್ಸು ಹತ್ತಿ ಹೋದರು. ಅಂದಿನಿಂದ ಮಾತಿಲ್ಲ, ಹಾಡಿಲ್ಲ.

"ಇಷ್ಟು ವರ್ಸ ನನ್ ಜೊತಿ ಹಾಡಿದೋಳು. ಒಂದು ಹೆಸ್ರು ಹೇಳ್ಲಿಲ್ಲ ನಾನು" ಎಂದು ಅಕ್ಕ ನನ್ನ ಮುಂದೆ ಒಪ್ಪಿಕೊಂಡರು. ದೇವಸಮುದ್ರಕ್ಕೆ ಹೋಗಿ ಕ್ಷಮೆ ಕೇಳಬಹುದಿತ್ತಲ್ಲ ಎಂದೆ. ಅವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. "ಮಾತಲ್ಲಿ ಸಿಟ್ಟಾಗಿದ್ರೆ ಮಾತಲ್ಲಿ ಕೇಳ್ಬೋದು. ಇದು ಹಾಡಲ್ಲಿ ಆಗಿರಾದು." ಅವರ ಲೆಕ್ಕ ಇಷ್ಟೇ. ಹಾಡು ಫೋನಿಗೆ ಹೋಗಬೇಕು, ವಾರಗಿತ್ತಿ ಕೇಳಬೇಕು, ಕೇಳಿ ತಡೆಯಲಾರದೆ ಸಾಲು ಎತ್ತಿಕೊಳ್ಳಬೇಕು. ಅದಕ್ಕೆ ಅನುಕೂಲವಾಗುವ ಅಂಗಡಿ ಯಾವುದು ಎಂಬುದೇ ಅವರ ಪ್ರಶ್ನೆ.

ಮೊದಲು ಕೆಂಪು ಬಣ್ಣದ ಅಂಗಡಿ. ಕಂಪನಿಗಳ ಹೆಸರು ಅಕ್ಕನ ನಾಲಿಗೆಗೆ ಹತ್ತುತ್ತಿರಲಿಲ್ಲ. ಹತ್ತಿಸಿಕೊಳ್ಳುವ ಇಷ್ಟವೂ ಇರಲಿಲ್ಲ. ಎಲ್ಲವನ್ನೂ ಬಣ್ಣದಿಂದಲೇ ಗುರುತಿಸುತ್ತಿದ್ದರು. ನನ್ನ ಹಿಂದಿನ ಕೋಣೆಯಲ್ಲಿ ಹಸಿರು ಬಟ್ಟೆಯ ಮುಂದೆ ಬೆಂಚು ಹಾಕಿ ಕೂರಿಸಿದೆ. ಅಕ್ಕ ಒಂದು ತುದಿಯಲ್ಲಿ ಕೂತರು. ನಡುವೆ ಬನ್ನಿ ಅಂದರೆ ಬರಲಿಲ್ಲ. ಒಂದು ಸಾಲು ಹಾಡಿದರು, ನಿಲ್ಲಿಸಿದರು, ತೊಡೆಯ ಮೇಲೆ ತಾಳ ಹಾಕುತ್ತಾ ಖಾಲಿ ತುದಿಯ ಕಡೆ ನೋಡಿದರು, ಮತ್ತೆ ಮುಂದಿನ ಸಾಲು. ರಾತ್ರಿ ನಾನು ಎಡಿಟಿಂಗಿಗೆ ಕೂತು ಖಾಲಿ ಜಾಗಗಳನ್ನೆಲ್ಲ ನೀಟಾಗಿ ಕತ್ತರಿಸಿದೆ. ನಮ್ಮ ಕಸುಬಿನ ಮೊದಲ ಪಾಠವೇ ಅದು. ಪುರೋಹಿತರು ಮಂತ್ರ ಮರೆತು ನಿಂತ ಜಾಗ, ಮದುಮಗ ಮೂಗು ಒರೆಸಿಕೊಂಡ ಜಾಗ ಎಲ್ಲವೂ ಹೋಗಬೇಕು.

ಮರುವಾರ ಅಕ್ಕ ಬಂದು ಕೇಳಿದರು. ಕೇಳುತ್ತಾ ಮುಖ ಕಪ್ಪಾಯಿತು.

"ಹಾಡಿನ ಅರ್ಧ ಎಲ್ಲೋಯ್ತು?"

"ಅಲ್ಲೇನೂ ಇರ್ಲಿಲ್ಲ ಅಕ್ಕಾ. ಖಾಲಿ ಇತ್ತು, ತೆಗ್ದೆ."

"ಖಾಲಿ ಇರ್ಲಿಲ್ಲ ಕಣೋ. ಅದು ಅವಳ್ದು. ಅವಳ್ದನ್ನ ಕತ್ತರ್ಸೋಕೆ ನೀನ್ಯಾರು? ವಾಪಸ್ ಇಡು."

ಮೌನವನ್ನು ವಾಪಸ್ ಇಟ್ಟೆ. ಅದಕ್ಕೆ ತಗಲುವ ಶ್ರಮ ಈ ಕಸುಬಿನವರಿಗೇ ಗೊತ್ತು.

ಹಾಡು ಕೆಂಪಂಗಡಿಗೆ ಹೋಯಿತು. ಎರಡೇ ದಿನದಲ್ಲಿ ಕೆಳಗೆ ಮಾತುಗಳು ಬಂದವು. ಆಡಿಯೋ ಕಟ್ ಆಗ್ತಿದೆ ಆಂಟಿ, ಫೋನ್ ರಿಪೇರಿ ಮಾಡಿಸಿ, ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ. ಒಬ್ಬ ಪುಣ್ಯಾತ್ಮ ತನ್ನ ಅಂಗಡಿಯ ವಿಳಾಸವನ್ನೇ ಹಾಕಿ, ಸ್ಪೀಕರ್ ಬದಲಿಸಿಕೊಡುತ್ತೇನೆ ಎಂದಿದ್ದ. ಇದನ್ನೆಲ್ಲ ಅಕ್ಕ ಸಹಿಸಿಕೊಂಡರು. ಸಹಿಸಲಾಗದ್ದು ಬೇರೆ. ಹಾಡಿನ ನಡುವೆ ಸದ್ದಿಲ್ಲದ ಜಾಗ ನೋಡಿ ಜಾಹೀರಾತು ತೂರಿಸುವ ಬುದ್ಧಿ ಆ ಅಂಗಡಿಗಿತ್ತು. ಅಕ್ಕ "ಬಸ್ಸು ಬಂತೇ ತಂಗಿ ಬಸ್ಸು ಬಂತೇ" ಎಂದು ಕರೆದು ಕಾದರೆ, ಒಬ್ಬ ಗಂಡಸು ಬಂದು, "ಮಂಡಿ ನೋವೇ? ಚಿಂತೆ ಬಿಡಿ" ಎಂದು ಎಣ್ಣೆ ಸೀಸೆ ತೋರಿಸುತ್ತಿದ್ದ.

"ನಾನು ಮನೆಯೋಳಿಗೆ ಮಣೆ ಹಾಕಿದ್ರೆ ಎಣ್ಣೆ ಮಾರೋನು ಬಂದು ಕುಂತ್ಕಂಡಾನೆ. ಈ ಅಂಗ್ಡಿ ಬ್ಯಾಡ" ಎಂದು ತೀರ್ಪು ಕೊಟ್ಟರು.

ಗ್ರೂಪುಗಳಲ್ಲಿ ಹಂಚಿ ನೋಡೋಣ ಎಂದೆ. ಹಂಚಿದೆವು. ಶುಭೋದಯದ ಗುಲಾಬಿಗಳ ಕೆಳಗೆ ಹಾಡು ಮುಳುಗಿಹೋಯಿತು. ಕೆಲವು ದಿನ ಬಿಟ್ಟು ಅದೇ ಹಾಡು ಎಲ್ಲೆಲ್ಲೋ ಸುತ್ತಾಡಿ, ಅಕ್ಕನ ಫೋನಿಗೇ ಬಂದು ಇಳಿಯಿತು. ಮೇಲೆ, "ಉತ್ತರ ಕರ್ನಾಟಕದ ತೊಂಬತ್ತು ವರ್ಷದ ಅಜ್ಜಿಯ ಕಂಠ ಕೇಳಿ, ಇಷ್ಟವಾದರೆ ಹತ್ತು ಜನಕ್ಕೆ ಕಳಿಸಿ" ಎಂದು ಬರೆದಿತ್ತು. ಅಕ್ಕನಿಗೆ ಅರವತ್ತೂ ತುಂಬಿರಲಿಲ್ಲ. ಆ ಹತ್ತು ಜನಕ್ಕೆ ಅವರು ಕಳಿಸಿದ್ದು ಬೈಗುಳವನ್ನು.

ಆಮೇಲೆ ಹಸಿರು ಅಂಗಡಿ. ಅಲ್ಲಿ ಬರೀ ಧ್ವನಿ. ಆದರೆ ನಾವೇ ನೇರವಾಗಿ ಹಾಡು ಹಾಕುವಂತಿಲ್ಲ, ನಡುವೆ ಒಬ್ಬರು ದಾಟಿಸಬೇಕು. ಶೇಂಗಾ ಮಂಡಿಯ ದಲ್ಲಾಳಿ ಇದ್ದ ಹಾಗೆ ಎಂದು ವಿವರಿಸಿದೆ. ದಲ್ಲಾಳಿ ಎಂದ ಕೂಡಲೇ ಅಕ್ಕನಿಗೆ ವ್ಯವಹಾರ ಅರ್ಥವಾಯಿತು, ಗೌರವವೂ ಹೋಯಿತು. ಕಂಪ್ಯೂಟರಿನಲ್ಲಿ ತುಂಬಬೇಕಾದ ವಿವರಗಳನ್ನು ಒಂದೊಂದಾಗಿ ಓದಿ ಹೇಳಿದೆ. ಮೇಲೆ ಮುಖ್ಯ ಗಾಯಕರು ಎಂದು ದೊಡ್ಡ ಖಾನೆ, ಅದರ ಕೆಳಗೆ ಅತಿಥಿ ಗಾಯಕರು ಎಂದು ಸಣ್ಣದು. ಅಕ್ಕ ಪರದೆಯ ಹತ್ತಿರ ಬಗ್ಗಿ ಎರಡೂ ಖಾನೆಗಳ ಅಳತೆ ನೋಡಿದರು. "ಆ ನಿರೂಪಕ ಇಲ್ಲೂ ಬಂದು ಸೇರ್ಕಂಡಾನಲ್ಲೋ" ಅಂದರು.

ಹೇಗೋ ಒಪ್ಪಿಸಿ, ಇಬ್ಬರ ಹೆಸರನ್ನೂ ದೊಡ್ಡ ಖಾನೆಗೇ ತುರುಕಿ ಕಳಿಸಿದೆ. ಯಾರ ಹೆಸರು ಮೊದಲು ಎಂದು ಕೇಳಿದ್ದಕ್ಕೆ ಒಂದು ಮಧ್ಯಾಹ್ನವಿಡೀ ಹೋಯಿತು. ತಮ್ಮದು ಮೊದಲು ಹಾಕಿದರೆ ಅವಳಿಗೆ ಸಿಟ್ಟು, ಅವಳದು ಮೊದಲು ಹಾಕಿದರೆ ತಮಗೆ ಸಂಕಟ. ಕ್ಷಮೆ ಬೇಕಿತ್ತು ಅಕ್ಕನಿಗೆ, ಆದರೆ ಹಿರಿಸೊಸೆಯ ಸ್ಥಾನ ಬಿಡುವಷ್ಟೇನೂ ಅಲ್ಲ. ಕೊನೆಗೆ ಅಕ್ಷರಮಾಲೆಯ ಪ್ರಕಾರ ಹಾಕಿದೆವು. ಅಕ್ಷರಮಾಲೆ ಅಕ್ಕನ ಕಡೆಗಿತ್ತು, ಅವರಿಗೆ ಅದು ಮೊದಲೇ ಗೊತ್ತಿತ್ತು.

ದಲ್ಲಾಳಿ ಕಂಪನಿಯಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ಹಾಡಿನಲ್ಲಿ ಹಲವು ಕಡೆ ಸದ್ದೇ ಇಲ್ಲ, ರೆಕಾರ್ಡಿಂಗ್ ಕೆಟ್ಟಿದೆ, ಸರಿಪಡಿಸಿ ಕಳಿಸಿ ಎಂದು. ಕನ್ನಡದಲ್ಲಿ ಹೇಳಿದೆ. ಅಕ್ಕ ಬಾಯಿಂದ ದಾರ ತೆಗೆದರು.

"ಅವ್ರ ಮನ್ಯಾಗೆ ಯಾರೂ ಯಾರ ಜೊತೀನೂ ಮಾತು ಬಿಟ್ಟಿಲ್ವಾ?" ಅಂದರು.

ಮೂರನೇ ಅಂಗಡಿಯನ್ನು ಅವರೇ ಹುಡುಕಿದರು. ಸೊಸೆಯ ಫೋನಿನಲ್ಲಿ ಯಾವುದೋ ಹುಡುಗಿ, ಭಾಷಣ ಮಾಡುತ್ತಿದ್ದ ರಾಜಕಾರಣಿಯೊಬ್ಬರ ಪಕ್ಕದಲ್ಲೇ ನಿಂತು ಅವರಂತೆಯೇ ಕೈ ಬೀಸುವುದನ್ನು ನೋಡಿದರಂತೆ. ಪರದೆ ಎರಡು ಪಾಲಾಗಿದೆ, ಒಂದರಲ್ಲಿ ಅವರು, ಒಂದರಲ್ಲಿ ಇವಳು. ಒಬ್ಬರು ಹಾಕಿದ ವಿಡಿಯೋದ ಪಕ್ಕಕ್ಕೆ ಯಾರು ಬೇಕಾದರೂ ತಮ್ಮದನ್ನು ಸೇರಿಸಬಹುದು. ಅಕ್ಕ ಆ ದಿನ ಎರಡು ಸೀರೆಯ ಕುಚ್ಚು ಅರ್ಧಕ್ಕೆ ಬಿಟ್ಟು ಚಳ್ಳಕೆರೆಗೆ ಓಡಿ ಬಂದರು.

"ತಮ್ಮಾ, ಸಿಕ್ತು. ಬಣ್ಣಬಣ್ಣದ ಅಂಗ್ಡಿ. ಒಂದೇ ಮನೆ, ಎಲ್ಡು ಒಲೆ. ಸಮಪಾಲು."

ಅದರಲ್ಲಿ ಹಾಡು ಚಿಕ್ಕದಿರಬೇಕು, ಒಂದೂವರೆ ನಿಮಿಷದೊಳಗೆ ಮುಗಿದರೆ ಚೆನ್ನ ಎಂದೆ. "ಅಷ್ಟ್ರಾಗೆ ನನ್ ಹಾಡು ಬಾಗ್ಲಲ್ಲಿ ಚಪ್ಲೀನೂ ಬಿಟ್ಟಿರಲ್ಲ" ಎಂದು ಗೊಣಗಿದರು. ಆದರೂ ಸಮಪಾಲಿನ ಆಸೆಗೆ ಬಸ್ಸಿನ ಹಾಡನ್ನು ತುಂಡು ತುಂಡು ಮಾಡಿ ಹಾಡಿದರು. ಹಾಕಿದೆ.

ಉತ್ತರಗಳು ಬಂದವು, ಬರಬೇಕಾದವರದ್ದಲ್ಲ. ಲಾರಿ ಡ್ರೈವರೊಬ್ಬ ಡಾಬಾದ ಮುಂದೆ ನಿಂತು ಸಾಲು ಎತ್ತಿಕೊಂಡ. "ಧ್ವನಿ ಐತೆ, ಆದ್ರೆ ಬ್ರೇಕಿಲ್ಲ" ಅಂದರು ಅಕ್ಕ. ಒಬ್ಬಳು ಹುಡುಗಿ ಖಾಲಿ ಜಾಗದಲ್ಲೆಲ್ಲ ಕುಣಿದಳು. ಅವಳ ಸೆರಗಿಗೆ ಕುಚ್ಚೇ ಇರಲಿಲ್ಲ, ಹಾಗಾಗಿ ಅವಳ ವಿಚಾರ ಅಲ್ಲಿಗೇ ಮುಗಿಯಿತು. ಕಾಲೇಜು ಹುಡುಗನೊಬ್ಬ ಆ ಜಾಗಗಳಿಗೆ ಡಿಜೆ ಬಡಿತ ತುಂಬಿದ. ಅದು ನಮ್ಮ ಕಡೆಯ ಟ್ರಾಕ್ಟರುಗಳಲ್ಲೆಲ್ಲ ಮೊಳಗತೊಡಗಿತು. ಯಾರದೋ ಮೆರವಣಿಗೆಯಲ್ಲಿ ತಮ್ಮದೇ ಧ್ವನಿ ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದಂತೆ ಬರುವುದನ್ನು ಕೇಳಿ ಅಕ್ಕ ಕಿವಿ ಮುಚ್ಚಿಕೊಂಡರು. ಜನಪ್ರಿಯತೆ ಬಂತಲ್ಲ ಅಕ್ಕಾ ಎಂದೆ. "ಊರೋರೆಲ್ಲ ಬಂದ್ರು ಕಣೋ, ಕರೆದೋಳು ಬರ್ಲಿಲ್ಲ" ಅಂದರು. ಆ ದಿನ ಅವರ ದನಿಯಲ್ಲಿ ಸೋಲಿತ್ತು. ನನಗೂ ಬೇಸರವಾಯಿತು.

ಆಗಲೇ ನನಗೆ ದೇವಸಮುದ್ರದಲ್ಲಿ ಒಂದು ನಾಮಕರಣದ ಶೂಟಿಂಗ್ ಸಿಕ್ಕಿತು. ತೊಟ್ಟಿಲ ಹತ್ತಿರ ಹಿರಿಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದೆ. ಗೋಡೆಗೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ದಪ್ಪ ದನಿಯ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಚಳ್ಳಕೆರೆ ಸ್ಟುಡಿಯೋದೋನು ನೀನೇ ಏನಪ್ಪಾ?"

ಹೌದೆಂದೆ. ಯಾರಿರಬಹುದೆಂದು ಹೊಳೆಯಿತು.

"ಆ ಎಣ್ಣೆ ಮಾರೋನು ಇನ್ನೂ ಹಾಡ್ತಾನಾ, ಬಿಟ್ನಾ?"

ಅಂದರೆ ಕೆಂಪಂಗಡಿಯಿಂದಲೂ ನೋಡುತ್ತಲೇ ಬಂದಿದ್ದಾರೆ. ನಾನು ನಗು ತಡೆದುಕೊಂಡು, "ಬಿಟ್ಟಿದಾನೆ ಅಕ್ಕಾ. ಈಗ ಜಾಗ ಖಾಲಿ ಐತೆ. ನೀವೇ ಯಾಕೆ ಎತ್ಕಬಾರ್ದು?" ಎಂದೆ.

"ನಾಕೇಂ ಪನಿ" ಎಂದು ತೆಲುಗಿನಲ್ಲಿ ಮುಖ ತಿರುಗಿಸಿದರು, ನನಗೇನು ಕೆಲಸ ಅಂತ. ಎಲೆಗೆ ಸುಣ್ಣ ಹಚ್ಚಿದರು. ಗೋಡೆಗೆ ಹೇಳುವಂತೆ, "ಅವಳು ಬಿಡೋ ಜಾಗ ಯಾತಕ್ಕೂ ಸಾಲಲ್ಲ. ನನಗೀಗ ಉಬ್ಬಸ. ಮೊದ್ಲಿನಂಗೆ ಉಸ್ರು ಬರಲ್ಲ. ಅವಳಿಗೆ ಅದು ಹೆಂಗೆ ಗೊತ್ತಾಗ್ಬೇಕು" ಅಂದರು.

ನಾನು ಮಗುವಿನ ಹೆಸರು ಏನಿಟ್ಟರೆಂದು ಕೂಡ ಕೇಳಿಸಿಕೊಳ್ಳದೆ ವಾಪಸ್ ಬಂದೆ. ಅಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವರು "ಉಬ್ಬಸ ಅಂದ್ಲಾ?" ಎಂದು ಒಂದೇ ಮಾತು ಕೇಳಿದರು. ಮರುದಿನ ಮೊದಲ ಬಸ್ಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಮತ್ತೆ ಹಾಡಿದರು. ಈ ಸಲ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಬಿಟ್ಟ ಜಾಗದಲ್ಲಿ ನಾನು ಹೊರಗೆ ಹೋಗಿ ಟೀ ಹೇಳಿ ಬರಬಹುದಿತ್ತು. ಸಾಲುಗಳು ಎರಡೇ ಹಿಡಿಸಿದವು, ಉಳಿದದ್ದೆಲ್ಲ ತಾಳ. ನೋಡಿದವರೆಲ್ಲ ಈ ಸಲ ಫೋನ್ ಪೂರ್ತಿ ಕೆಟ್ಟಿದೆ ಎಂದು ತೀರ್ಮಾನಿಸಿದರು.

ಒಂದು ಸಂಜೆ ಉತ್ತರ ಬಂತು. ಪರದೆಯ ಎಡಕ್ಕೆ ಬೆಂಚಿನ ತುದಿಯ ಅಕ್ಕ. ಬಲಕ್ಕೆ ಒಂದು ಚಾವಣಿ, ಅದರಲ್ಲಿ ತಿರುಗುವ ಫ್ಯಾನು. ಫೋನನ್ನು ನೆಲದ ಮೇಲೆ ಅಂಗಾತ ಇಟ್ಟಿದ್ದರು. ಅಕ್ಕ "ಬಸ್ಸು ಬಂತೇ ತಂಗಿ ಬಸ್ಸು ಬಂತೇ" ಎಂದರು. ಫ್ಯಾನಿನ ಕೆಳಗಿನಿಂದ ದಪ್ಪ ದನಿ ಎದ್ದಿತು:

"ಬಂದದ್ದ ನಾನೂ ಕಂಡೆನೇ ಅಕ್ಕಾ."

"ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಯಿತೇ" ಎಂದರು ಅಕ್ಕ.

"ನಿನ್ನ ಬಾಯಿ ಕೇಳಿ ಹೆದರಿ ಓಡಿತೇ."

ಸಾಲು ಎತ್ತಿಕೊಳ್ಳುವುದು ಬಿಟ್ಟು ಎದುರುತ್ತರ. ಅಕ್ಕನಿಗೆ ಅವಮಾನವಾಗುತ್ತದೆಂದು ನಾನು ಹೆದರಿದೆ. ಅವರೋ ಬೆಂಚಿನ ಮೇಲೆ ಕೂತು, ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡ್ದಾ ಹೆಂಗೆ ಬೈತಾಳೆ. ಉಬ್ಬಸ ಅಂತೆ ಉಬ್ಬಸ" ಎಂದು ಪಕ್ಕದ ಟೀ ಅಂಗಡಿಯವನಿಗೂ ಕರೆದು ತೋರಿಸಿದರು.

ಮುಂದೆ ನಡೆದದ್ದು ನಮ್ಮ ಸುತ್ತಿನ ಊರುಗಳಿಗೆಲ್ಲ ಗೊತ್ತು. ಅಕ್ಕ ಸಿಲಿಂಡರಿನ ಹಾಡು ಹಾಕಿದರೆ, ವಾರಗಿತ್ತಿ ಅಕ್ಕನ ಸಾರಿಗೆ ಉಪ್ಪು ಹೆಚ್ಚೆಂದು ತಿರುಗಿಸುತ್ತಿದ್ದರು. ಅಕ್ಕ ಸೊಸೆಯ ಹಾಡು ಹಾಕಿದರೆ, ನೀನು ಸೊಸೆಯಾಗಿದ್ದಾಗ ಎಷ್ಟು ಹೊತ್ತಿಗೆ ಏಳುತ್ತಿದ್ದೆ ಎಂದು ಫ್ಯಾನಿನ ಕೆಳಗಿನಿಂದ ಸಾಕ್ಷಿ ಸಮೇತ ಬರುತ್ತಿತ್ತು. ಮಂಡಿಯ ಹಮಾಲರಿಂದ ಬಸ್ ಕಂಡಕ್ಟರರವರೆಗೆ ಎಲ್ಲರೂ ನನ್ನ ಬಾಗಿಲಿಗೆ ಬಂದು ಮುಂದಿನದು ಯಾವಾಗ ಎಂದು ಕೇಳುವವರೇ. ಗಲ್ಫಿನಲ್ಲಿದ್ದ ಕನ್ನಡಿಗರೊಬ್ಬರು, ತಾಯಂದಿರೇ ಈ ವಯಸ್ಸಿನಲ್ಲಿ ದ್ವೇಷ ಬೇಡ ಎಂದು ಕೈ ಮುಗಿದು ಬರೆದರು. "ಅವ್ನಿಗೇನಂತೆ? ನಾವು ಈಗ ಶುರು ಮಾಡೀವಿ" ಎಂದು ಅಕ್ಕ ಸಿಟ್ಟಾದರು.

ಮೊಳಕಾಲ್ಮುರಿಗೂ ದೇವಸಮುದ್ರಕ್ಕೂ ನಡುವೆ ಬಸ್ಸುಗಳಿಗೇನು ಕಡಿಮೆ. ಇಷ್ಟೆಲ್ಲ ಆದ ಮೇಲೆ ಒಂದು ಸಲ ಹೋಗಿ ಬರಬಾರದೇ ಎಂದು ಕೇಳಿದೆ. ಅಕ್ಕ ತಲೆಯಾಡಿಸಿದರು. "ಅವಳು ನನ್ ಮ್ಯಾಲೆ ಹಾಡ್ತಾಳೆ. ನನ್ ಜೊತಿ ಇನ್ನೂ ಹಾಡಿಲ್ಲ. ನಾನು ಹೇಳಿದ ಸಾಲು ಒಂದ್ಸಲನಾದ್ರೂ ಹಂಗಂಗೇ ಎತ್ಕಳ್ಲಿ. ಆವತ್ತೇ ಹೊಂಡ್ತೀನಿ, ಬುತ್ತಿ ಕಟ್ಕಂಡು." ಎದುರುತ್ತರ ಎಂದರೆ ಜಗಳ ಇನ್ನೂ ಉಳಿದಿದೆ ಅಂತ. ಅದೇ ಸಾಲನ್ನು ಎತ್ತಿಕೊಂಡರೆ ಮಾತ್ರ ಮುಗಿಯಿತು ಅಂತ. ಇದು ಇಬ್ಬರಿಗೂ ಗೊತ್ತಿತ್ತು, ಹಾಗಾಗಿ ಒಬ್ಬರು ಕಾಯುತ್ತಿದ್ದರು, ಇನ್ನೊಬ್ಬರು ಕಾಯಿಸುತ್ತಿದ್ದರು. ಈ ಆಟದಲ್ಲಿ ಇಬ್ಬರಿಗೂ ಒಂದಿಷ್ಟು ಸುಖವಿತ್ತೆಂದು ನನ್ನ ಅನುಮಾನ.

ಆಷಾಢದ ಕೊನೆಗೆ ಅಕ್ಕ ಕುಚ್ಚಿನ ಮೇಲೆ ಹೊಸ ಹಾಡು ಕಟ್ಟಿಕೊಂಡು ಬಂದರು. ಹಾಡಿಸಿ ಇಟ್ಟುಕೊಂಡೆ. ಬಾಕಿ ಉಳಿದ ಮದುವೆ ವಿಡಿಯೋಗಳ ಕೆಲಸ ಮುಗಿಸಿ ಹಾಕುತ್ತೇನೆ ಎಂದೆ, ಆಗಲಿ ಎಂದರು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಮಡಿಲಲ್ಲಿ ಯಾರದೋ ಧಾರೆ ಸೀರೆ ಇಟ್ಟುಕೊಂಡು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಡಾಕ್ಟರರ ಹತ್ತಿರ ಒಯ್ಯುವಷ್ಟು ಸಮಯವೂ ಕೊಡಲಿಲ್ಲ. ನಾನು ಮಣ್ಣಿಗೆ ಹೋಗಿದ್ದೆ. ವಾರಗಿತ್ತಿಯೂ ಬಂದಿದ್ದರು. ಹೆಂಗಸರೆಲ್ಲ ಹಾಡಿಕೊಂಡು ಅತ್ತರು, ಅವರು ಮಾತ್ರ ತುಟಿ ಬಿಗಿದು ಕಂಬದ ಪಕ್ಕ ನಿಂತಿದ್ದರು. ಎಂಥ ಕಲ್ಲು ಮನಸ್ಸು ಎಂದು ಜನ ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಅವರು ಚಳ್ಳಕೆರೆಗೆ ಬಂದರು. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಾ, "ಅವಳ್ದು ಇನ್ನೊಂದು ಐತಂತಲ್ಲ" ಎಂದರು. ಹಿಂದಿನ ಕೋಣೆಗೆ ಕರೆದೊಯ್ದೆ. ಬೆಂಚಿನ ಮೇಲೆ ಯಾವ ಕಡೆ ಕೂರಬೇಕೆಂದು ನಾನು ಹೇಳಲಿಲ್ಲ. ಅಕ್ಕ ಖಾಲಿ ಬಿಡುತ್ತಿದ್ದ ತುದಿಯಲ್ಲೇ ಕೂತರು. ಹಾಡು ಹಾಕಿದೆ.

ಅಕ್ಕನ ಧ್ವನಿ ಬಂತು: "ಕುಚ್ಚು ಕಟ್ಟಿದೆ ತಂಗಿ ಸೆರಗೀಗೆ, ಗಂಟು ಬಿದ್ದಾವೆ ಎಳೆ ಎಳೆಗೆ."

ಆಮೇಲೆ ಆ ಉದ್ದನೆಯ ಜಾಗ. ವಾರಗಿತ್ತಿ ಸುಮ್ಮನೆ ಕೂತಿದ್ದರು. ಯಾವ ಎದುರುತ್ತರ ಹುಡುಕುತ್ತಿದ್ದಾರೋ ಎಂದುಕೊಂಡೆ. ಮತ್ತೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಮತ್ತೊಮ್ಮೆ ಹಾಕಿ, ಮೈಕ್ ಆನ್ ಮಾಡಿದೆ.

"ಕುಚ್ಚು ಕಟ್ಟಿದೆ ತಂಗಿ ಸೆರಗೀಗೆ, ಗಂಟು ಬಿದ್ದಾವೆ ಎಳೆ ಎಳೆಗೆ" ಎಂದು ಎತ್ತಿಕೊಂಡರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಉಬ್ಬಸದಿಂದ ನಡುವೆ ಎರಡು ಕಡೆ ನಿಲ್ಲಬೇಕಾಯಿತು. ಜಾಗ ಸಾಕಾಯಿತು.

ಅಕ್ಕ ಮುಂದಿನದು ಹೇಳಿದರು: "ಬಿಡಿಸೋಕೆ ನನ್ನ ಹಲ್ಲೊಂದೆ ಸಾಲ್ದು, ನಿನ್ನ ಬೆರಳೂ ಬೇಕೇ ಕೊನೆಗೆ."

"ಬಿಡಿಸೋಕೆ ನನ್ನ ಹಲ್ಲೊಂದೆ ಸಾಲ್ದು, ನಿನ್ನ ಬೆರಳೂ ಬೇಕೇ ಕೊನೆಗೆ" ಎಂದು ವಾರಗಿತ್ತಿ ಅದನ್ನೂ ಹಾಗೇ ಹೇಳಿದರು. ನಾನು ಕಂಪ್ಯೂಟರಿನ ಕಡೆ ತಿರುಗಿ ಕೂತೆ. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಮುಗಿದ ಮೇಲೆ ಅವರು ಎದ್ದು ಸೆರಗು ಸರಿಮಾಡಿಕೊಂಡು ಚೀಲ ಹುಡುಕಿದರು. ಹಾಕುವ ಮುಂಚೆ ಕೇಳಲೇಬೇಕಾದ್ದನ್ನು ಹೆದರುತ್ತಲೇ ಕೇಳಿದೆ.

"ಅಕ್ಕಾ, ಹೆಸ್ರು ಹೆಂಗೆ ಹಾಕ್ಲಿ? ನಿಮ್ದು ಮೊದ್ಲು ಹಾಕ್ಲಾ?"

"ಅವಳ್ದು ಹಾಕು, ಸಾಕು. ನನ್ದು ಯಾತಕ್ಕೆ?" ಎಂದರು ವಾರಗಿತ್ತಿ. "ಅವಳ ಜೊತಿ ಇನ್ಯಾರು ಹಾಡ್ತಾರೆ?"